ನಮ್ಮ ಉಪಗ್ರಹಕ್ಕೆ ರಾತ್ರಿ ಇರಲಿಲ್ಲ

ಆಳಂದದ ನಮ್ಮ ಕಾಲೇಜಿನಲ್ಲಿ ಉಪಗ್ರಹ ರೂಪಿಸುವ ತರಬೇತಿ ನಡೆಯಲೇಬೇಕೆಂದು ಹಟ ಹಿಡಿದವಳು ನಾನೇ. ವಿಶ್ವವಿದ್ಯಾಲಯದವರು ಊರಿನ ಹೆಸರು ಕೇಳಿದ ಕೂಡಲೇ ಅಲ್ಲಿ ಕಂಪ್ಯೂಟರ್ ಇದೆಯೇ, ಕರೆಂಟು ಹೋಗದೆ ಇರುತ್ತದೆಯೇ, ಹುಡುಗರಿಗೆ ಇದೆಲ್ಲ ತಿಳಿಯುತ್ತದೆಯೇ ಎಂದು ವಿಚಾರಿಸಿದ್ದರು. ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಎಲ್ಲ ಇದೆ, ಹುಡುಗರೂ ಚುರುಕಾಗಿದ್ದಾರೆ, ಬಂದು ನೋಡಿ ಎಂದು ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ. ನನ್ನ ತವರು ಅಫಜಲಪುರ. ಅಪ್ಪ ಅಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದರು. ನಮ್ಮ ಕಾಲೇಜಿಗೆ ಬರುವ ಸುತ್ತಲಿನ ಈ ಮೂರು ತಾಲೂಕಿನ ಹುಡುಗರನ್ನು ಯಾರಾದರೂ ಕಡಿಮೆ ಎಂದರೆ ನನಗೆ ಮನೆಯವರನ್ನೇ ಅಂದ ಹಾಗೆ ಅನ್ನಿಸುತ್ತದೆ. ಹಾಗಾಗಿ ಆ ತರಬೇತಿ ಹುಡುಗರಿಗಿಂತ ನನಗೇ ಹೆಚ್ಚು ಬೇಕಾಗಿತ್ತೋ ಏನೋ.

ಕಲಿಸಲು ಬಂದವರು ಒಬ್ಬ ಇಂಜಿನಿಯರ್. ನನಗಿಂತ ಹತ್ತು ವರ್ಷವಾದರೂ ಚಿಕ್ಕವರು, ಮೆಲುದನಿ, ಮೈಸೂರು ಕಡೆಯ ಕನ್ನಡ. ಸಣ್ಣ ಉಪಗ್ರಹಗಳ ಕೆಲಸ ಮಾಡಿ ಅನುಭವವಿದ್ದವರು. ಮೊದಲ ದಿನ ಬೆಳಿಗ್ಗೆ ಅವರು ಹೇಳಿದ್ದು ಇಷ್ಟು: ಹಿಂದೆಲ್ಲ ಒಬ್ಬರು ತಮ್ಮ ಭಾಗ ಮುಗಿಸಿ ಇನ್ನೊಬ್ಬರಿಗೆ ಕಳಿಸುತ್ತಿದ್ದರು, ಅವರು ಮತ್ತೊಬ್ಬರಿಗೆ. ತಪ್ಪು ಸಿಕ್ಕರೆ ಎಲ್ಲವೂ ಹಿಂದಕ್ಕೆ ಬರುತ್ತಿತ್ತು. ಈಗ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಕೂತು ಯೋಜನೆ ಮಾಡುತ್ತಾರೆ. ಒಬ್ಬರು ಉಪಗ್ರಹದ ದಾರಿ ನೋಡಿಕೊಂಡರೆ, ಒಬ್ಬರು ಕ್ಯಾಮೆರಾ, ಒಬ್ಬರು ಪವರ್, ಒಬ್ಬರು ರೇಡಿಯೋ ಮತ್ತು ತೂಕ. ಎಲ್ಲರ ಅಂಕಿಗಳೂ ಗೋಡೆಯ ಮೇಲಿನ ಒಂದೇ ಪರದೆಯಲ್ಲಿ ಕಾಣುತ್ತವೆ. ಒಬ್ಬರ ಅಂಕಿ ಬದಲಾದರೆ ಉಳಿದವರದೂ ಬದಲಾಗುತ್ತದೆ. ಆದ್ದರಿಂದ ನಿಯಮ ಒಂದೇ, ಅನುಮಾನ ಬಂದರೆ ಬಾಯಿಬಿಟ್ಟು ಹೇಳಬೇಕು. ಇಲ್ಲಿ ಸರ್ ಇಲ್ಲ, ಮೇಡಂ ಇಲ್ಲ, ಕುರ್ಚಿಗಳಷ್ಟೇ ಇವೆ ಎಂದು ಅವರು ನಕ್ಕರು. ಹುಡುಗರೂ ನಕ್ಕರು. ಹಿಂದೆ ನಿಂತಿದ್ದ ನಾನೂ ನಕ್ಕೆ.

ಆಮೇಲೆ ಅವರು ಒಂದು ಚೆಂಡು, ಒಂದು ದೀಪ ಇಟ್ಟುಕೊಂಡು ಏನನ್ನೋ ತೋರಿಸಲು ಶುರುಮಾಡಿದರು. ನಾನು ಅಷ್ಟರಲ್ಲಿ ಹೊರಗೆ ಬಂದೆ. ಉದ್ಘಾಟನೆಗೆ ಹಿರಿಯರೊಬ್ಬರು ಬರುವವರಿದ್ದರು. ಶಾಲು, ಹಾರ, ಊಟಕ್ಕೆ ರೊಟ್ಟಿ, ಎಣ್ಣಿಗಾಯಿ ಪಲ್ಯ, ಯಾರು ಎಲ್ಲಿ ಕೂರಬೇಕು ಎಂಬುದೆಲ್ಲ ನನ್ನ ತಲೆಯ ಮೇಲಿತ್ತು. ಒಳಗೆ ಏನು ಕಲಿಸಿದರು ಎಂದು ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಭೌತಶಾಸ್ತ್ರ ಕಲಿಸುವವಳು ನಾನು, ನನಗೆ ಗೊತ್ತಿಲ್ಲದ್ದು ಏನಿರುತ್ತದೆ ಎಂಬ ಧೈರ್ಯ.

ನಮ್ಮ ಹುಡುಗರ ಒಂದು ತಂಡದಲ್ಲಿ ಒಬ್ಬ ಕಡಿಮೆ ಬಿದ್ದ. ಅಕ್ಕನ ಮದುವೆಯೆಂದು ಊರಿಗೆ ಹೋದವನು ಬರಲೇ ಇಲ್ಲ. ನಾಲ್ಕು ಕುರ್ಚಿಗೆ ಮೂವರೇ ಇದ್ದರು. ಮಹಾರಾಷ್ಟ್ರದ ಗಡಿಗೆ ಹತ್ತಿದ ಖಜೂರಿಯ ಒಬ್ಬ ಹುಡುಗಿ, ಗಾಣಗಾಪುರದ ಒಬ್ಬಳು, ಇಜೇರಿಯ ಒಬ್ಬ ಹುಡುಗ. ಖಜೂರಿಯವಳು ತರಗತಿಯಲ್ಲಿ ಎಲ್ಲರಿಗಿಂತ ಮುಂದು, ಆದರೆ ಕೇಳಿದರಷ್ಟೇ ಮಾತು. ಗಾಣಗಾಪುರದವಳ ಮನೆಯವರು ಯಾತ್ರಿಕರಿಗೆ ಲಾಡ್ಜ್ ನಡೆಸುತ್ತಿದ್ದರು. ಹೊಸಬರ ಜೊತೆ ಅವಳಿಗೆ ಸಲೀಸಾಗಿ ಮಾತು ಬರುತ್ತಿತ್ತು. ಇಜೇರಿಯ ಹುಡುಗ ಆಳಂದದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ತಂಡ ಮುರಿಯುವುದು ಬೇಡವೆಂದು ಪವರ್ ಕುರ್ಚಿಯಲ್ಲಿ ನಾನೇ ಕೂತೆ. ಇಂಜಿನಿಯರ್ ಒಪ್ಪಿಕೊಂಡರು. ಮೂವರೂ ಎದ್ದು ನಿಂತು ನನಗೆ ಜಾಗ ಮಾಡಿಕೊಟ್ಟರು. ಫ್ಯಾನಿನ ಕೆಳಗಿನ ಕುರ್ಚಿಯನ್ನು ಇಜೇರಿಯವನು ನನ್ನ ಕಡೆ ಎಳೆದ.

ಉಪಗ್ರಹ ಏನನ್ನು ನೋಡಬೇಕು ಎಂಬುದನ್ನು ನಾವೇ ಆರಿಸಬೇಕಿತ್ತು. ಗಾಣಗಾಪುರದವಳು ಭೀಮಾ ನದಿಯ ನೆರೆ ಎಂದಳು. ಮೇಲಿನಿಂದ ನೀರು ಬಿಟ್ಟಾಗ ಸೇತುವೆ ಮುಳುಗುವುದು, ಯಾತ್ರಿಕರು ಸಿಕ್ಕಿಕೊಳ್ಳುವುದು ಅವಳು ಚಿಕ್ಕಂದಿನಿಂದ ಕಂಡದ್ದು. ಖಜೂರಿಯವಳು, ನೆರೆ ಬರುವಾಗ ಮೋಡ ಇರುತ್ತದಲ್ಲ, ನಮ್ಮ ಕ್ಯಾಮೆರಾ ಮೋಡದ ಕೆಳಗೆ ನೋಡಲಾರದು ಎಂದಳು. ಕಡೆಗೆ ತೊಗರಿ ಎಂದಾಯಿತು. ಹೂವು, ಕಾಯಿ ಹಿಡಿಯುವ ಹೊತ್ತಿಗೆ ನೆಟೆ ರೋಗ ಬಿದ್ದು ಗಿಡ ನಿಂತಲ್ಲೇ ಒಣಗುತ್ತದೆ. ಆಗ ಆಕಾಶ ತಿಳಿಯಾಗಿರುತ್ತದೆ. ಯಾವ ಹೊಲದಿಂದ ಯಾವ ಹೊಲಕ್ಕೆ ರೋಗ ಹರಡುತ್ತಿದೆ ಎಂದು ಮೇಲಿಂದ ಕಂಡರೆ ಉಪಯೋಗವಲ್ಲವೇ? ನನಗೆ ಹೆಮ್ಮೆಯಾಯಿತು. ಅದನ್ನು ಆರಿಸಿದ್ದು ನಾನಲ್ಲದಿದ್ದರೂ ಮಧ್ಯಾಹ್ನ ಪ್ರಾಚಾರ್ಯರಿಗೆ ನನ್ನ ಐಡಿಯಾ ಎನ್ನುವ ಧಾಟಿಯಲ್ಲಿಯೇ ವಿವರಿಸಿದೆ.

ನನ್ನ ಕೆಲಸ ಸುಲಭವಾಗಿತ್ತು, ಅಥವಾ ಸುಲಭವೆಂದುಕೊಂಡೆ. ಉಪಗ್ರಹದ ಮೈಮೇಲೆ ಇಷ್ಟು ಅಗಲದ ಸೌರಫಲಕ, ಅದರ ಮೇಲೆ ಇಷ್ಟು ಬಿಸಿಲು, ಅದರಲ್ಲಿ ಇಷ್ಟು ಪಾಲು ಕರೆಂಟು. ಹಲಗೆಯ ಮೇಲೆ ಬರೆಯುವ ಹಾಗೆ ಚಕಚಕನೆ ಗುಣಿಸಿ ಅಂಕಿ ತುಂಬಿಸಿದೆ. ಕ್ಯಾಮೆರಾಕ್ಕೂ ಸಾಕು, ರೇಡಿಯೋಕ್ಕೂ ಸಾಕು, ಮೇಲೆ ಉಳಿಯುತ್ತದೆ. ಉಳಿದ ತಂಡಗಳವರು ಇನ್ನೂ ಗುದ್ದಾಡುತ್ತಿದ್ದರು. ನಾನು ಕೈಕಟ್ಟಿ ಕೂತೆ.

ಉಪಗ್ರಹದ ದಾರಿಯ ಕುರ್ಚಿಯಲ್ಲಿದ್ದ ಖಜೂರಿಯವಳು ನನ್ನ ಕಡೆ ತಿರುಗಿ, "ಮೇಡಂ, ಆ ನೆರಳಿಂದು ಜರಾ..." ಎಂದಳು.

"ಹೂಂ, ನೋಡೇನಿ. ನೀ ನಿನ್ನ ದಾರಿ ನೋಡ್ಕೊ" ಎಂದೆ ನಾನು.

ಸಿಟ್ಟಿನಿಂದ ಹೇಳಲಿಲ್ಲ. ಇದನ್ನು ನಾನು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ನಗುನಗುತ್ತಲೇ, ಬೆನ್ನು ತಟ್ಟುವ ದನಿಯಲ್ಲೇ ಹೇಳಿದೆ. ಅವಳು "ಹೌದ್ರಿ" ಎಂದು ಪರದೆಯ ಕಡೆ ತಿರುಗಿದಳು.

ಚಹಾದ ಹೊತ್ತಿಗೆ ಮೂವರೂ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತು ಮಾತಾಡುತ್ತಿದ್ದುದನ್ನು ಕಂಡೆ. ಹುಡುಗರು ಹೀಗೆ ಕೂಡಿ ಕೆಲಸ ಮಾಡುವುದನ್ನು ಕಲಿಯುತ್ತಿದ್ದಾರೆ, ಇದೇ ಅಲ್ಲವೇ ತರಬೇತಿಯ ಉದ್ದೇಶ ಎಂದು ಖುಷಿಪಟ್ಟೆ. ಮರಳಿ ಬಂದ ಮೇಲೆ ಗಾಣಗಾಪುರದವಳು ಕ್ಯಾಮೆರಾದ ಅಂಕಿಗಳನ್ನು ತಿದ್ದುತ್ತ ಕೂತಳು. ಯಾಕೆ ಎಂದು ನಾನು ಕೇಳಿದಾಗ, ತೊಗರಿ ಹೊಲ ಪದೇ ಪದೇ ನೋಡಬೇಕಿಲ್ಲವಲ್ರಿ, ಸ್ವಲ್ಪ ಹೊತ್ತು ನೋಡಿದರೆ ಸಾಕು ಎಂದಳು. ಇಜೇರಿಯವನು ರೇಡಿಯೋ ಸಂದೇಶವನ್ನೂ ಚಿಕ್ಕದು ಮಾಡಿದ. ನನಗೆ ಏನೂ ಹೊಳೆಯಲಿಲ್ಲ.

ಕಡೆಯ ದಿನ ಪ್ರತಿ ತಂಡವೂ ತನ್ನ ಯೋಜನೆಯನ್ನು ಎಲ್ಲರ ಮುಂದೆ ಇಡಬೇಕಿತ್ತು. ಪ್ರಾಚಾರ್ಯರು ಮುಂದಿನ ಸಾಲಿನಲ್ಲಿದ್ದರು, ಬೇರೆ ವಿಭಾಗದ ಮಾಸ್ತರರೂ ಬಂದಿದ್ದರು. ರಟ್ಟಿನಲ್ಲಿ ಹುಡುಗರು ಕಟ್ಟಿದ್ದ ನಮ್ಮ ಉಪಗ್ರಹದ ಮಾದರಿ ಮೇಜಿನ ಮೇಲಿತ್ತು. ಬೇಗಡೆ ಕಾಗದ ಹಚ್ಚಿ ಸೌರಫಲಕ ಮಾಡಿದ್ದರು. ಗಾಣಗಾಪುರದವಳು ಚೆನ್ನಾಗಿ ವಿವರಿಸಿದಳು. ಇಂಜಿನಿಯರ್ ಕೇಳುತ್ತ ಕೇಳುತ್ತ ಪರದೆಯ ಮೇಲೆ ಕಣ್ಣಾಡಿಸಿ, ಒಂದು ಪ್ರಶ್ನೆ, ನಿಮ್ಮ ಕ್ಯಾಮೆರಾ ಹೆಚ್ಚು ಹೊತ್ತು ನಿದ್ದೆಯಲ್ಲೇ ಇದೆಯಲ್ಲ, ಯಾಕೆ ಎಂದರು. ತೊಗರಿ ನಿಧಾನವಾಗಿ ಒಣಗುತ್ತದೆ, ಅವಸರವಿಲ್ಲ ಎಂದು ಅವಳು ಮೊದಲೇ ಯೋಚಿಸಿಟ್ಟ ಉತ್ತರ ಕೊಟ್ಟಳು. ಅವರು ಒಪ್ಪಲಿಲ್ಲ. ಇಷ್ಟೊಂದು ಕರೆಂಟು ಉಳಿದಿದೆ ಎಂದು ಪವರ್ ಸಾಲು ಹೇಳುತ್ತಿದೆ, ಆದರೂ ಕ್ಯಾಮೆರಾವನ್ನು ಮಲಗಿಸಿದ್ದೀರಿ, ಯಾರೋ ಯಾವುದೋ ಅಂಕಿಯನ್ನು ನಂಬಿಲ್ಲ ಎಂದರು. ಆಮೇಲೆ ಪವರ್ ಸಾಲನ್ನು ತೆರೆದು ನನ್ನ ಲೆಕ್ಕ ನೋಡಿದರು.

"ಈ ಉಪಗ್ರಹಕ್ಕೆ ರಾತ್ರಿ ಇಲ್ಲವಾ?" ಎಂದರು ಮೆಲ್ಲಗೆ.

ನನಗೆ ಆ ಮಾತು ಮುಗಿಯುವ ಮೊದಲೇ ತಿಳಿದುಹೋಯಿತು. ಭೂಮಿಯ ಸುತ್ತ ಅಷ್ಟು ಹತ್ತಿರದಲ್ಲಿ ಸುತ್ತುವ ಉಪಗ್ರಹ ಪ್ರತಿ ಸುತ್ತಿನಲ್ಲೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊತ್ತು ಭೂಮಿಯ ನೆರಳಿನಲ್ಲಿರುತ್ತದೆ. ಆಗ ಬಿಸಿಲಿಲ್ಲ, ಕರೆಂಟಿಲ್ಲ, ಬ್ಯಾಟರಿಯೇ ಗತಿ. ಆ ಬ್ಯಾಟರಿಯನ್ನೂ ಬಿಸಿಲಿದ್ದಾಗಲೇ ತುಂಬಿಸಿಕೊಳ್ಳಬೇಕು. ಮೊದಲ ದಿನ ಚೆಂಡು, ದೀಪ ಇಟ್ಟು ಅವರು ತೋರಿಸಿದ್ದು ಅದನ್ನೇ. ಅದು ಹೋಗಲಿ, ಪ್ರತಿ ವರ್ಷ ಗ್ರಹಣದ ಪಾಠ ಮಾಡುವವಳು ನಾನು. ಹಲಗೆಯ ಮೇಲೆ ಸೂರ್ಯ, ಭೂಮಿ, ನೆರಳಿನ ಶಂಕು ಬಿಡಿಸುವವಳು. ನಾನು ಉಪಗ್ರಹವನ್ನು ಇಡೀ ದಿನ ಬಿಸಿಲಿನಲ್ಲಿ ನಿಲ್ಲಿಸಿದ್ದೆ.

ಎದ್ದು ಹೇಳಬೇಕಿತ್ತು. ನಾನು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದೆ. ಅಷ್ಟರಲ್ಲಿ ಖಜೂರಿಯವಳು ಎದ್ದಳು.

"ಸರ್, ನೆರಳಿನ ಲೆಕ್ಕ ನಂದಿತ್ತು. ನಾ ಹೇಳಬೇಕಾಗಿತ್ತು, ಹೇಳಲಿಲ್ಲ. ನಂದ ತಪ್ಪ ಅದ" ಎಂದಳು.

ಪ್ರಾಚಾರ್ಯರು ಅವಳತ್ತ ನೋಡಿ ತಲೆ ಅಲ್ಲಾಡಿಸಿದರು. ಇಂಜಿನಿಯರ್ ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು ಎಂದು ನನಗೆ ಅನ್ನಿಸಿತು. ಹೀಗಾಗುವುದು ಸಹಜ, ಚಹಾ ಕುಡಿದು ಬಂದು ನಿಮ್ಮ ತಂಡ ಸರಿಮಾಡಿ ತೋರಿಸಲಿ ಎಂದಷ್ಟೇ ಹೇಳಿದರು. ಆ ಔದಾರ್ಯ ನನಗೆ ಬೈಗುಳಕ್ಕಿಂತ ಭಾರವಾಯಿತು.

ಹೊರಗೆ ನಾನು ಖಜೂರಿಯವಳನ್ನು ಪಕ್ಕಕ್ಕೆ ಕರೆದೆ. ಅವಳ ಹಿಂದೆ ಉಳಿದ ಇಬ್ಬರೂ ಬಂದು ನಿಂತರು. ಮೂವರಿಗೂ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ನಾನು ಖುಷಿಪಟ್ಟಿದ್ದೆನಲ್ಲ, ಆ ಬೇವಿನ ಗಿಡದ ಕೆಳಗೆ ಅವರು ಮಾತಾಡಿದ್ದು ಇದನ್ನೇ. ನನ್ನ ಅಂಕಿಯನ್ನು ಮುಟ್ಟದೆ, ನಿಜವಾಗಿ ಸಿಗುವಷ್ಟೇ ಕರೆಂಟಿನಲ್ಲಿ ಉಪಗ್ರಹ ನಡೆಯುವ ಹಾಗೆ ತಮ್ಮ ತಮ್ಮ ಪಾಲನ್ನು ಕತ್ತರಿಸಿಕೊಂಡಿದ್ದರು.

ನನಗೆ ಯಾಕೆ ಹೇಳಲಿಲ್ಲ, ನಾನು ಅಷ್ಟು ಸಿಟ್ಟಿನವಳೇ ಎಂದೆ. ನಾನು ಸಿಟ್ಟಿನ ಮೇಡಂ ಅಲ್ಲ ಎಂಬುದು ನನ್ನ ಬಹಳ ದಿನದ ಅಭಿಮಾನ. ಖಜೂರಿಯವಳು ಗಾಬರಿಯಾದಳು.

"ಸಿಟ್ಟು ಮಾಡ್ತೀರಿ ಅಂತ ಅಲ್ರಿ ಮೇಡಂ. ನಿಮಗ ನಾಚಿಕಿ ಆಗ್ತದ ಅಂತ. ನಮ್ಮ ಸಲುವಾಗಿ ಕುಂತೀರಿ ನೀವು."

ಗಾಣಗಾಪುರದವಳು ಅದಕ್ಕೆ ಸೇರಿಸಿ, ಮನೆಯಲ್ಲಿ ಅಜ್ಜಿ ಅದೇ ಕತೆಯನ್ನು ತಪ್ಪು ತಪ್ಪಾಗಿ ಹೇಳಿದರೂ ನಾವು ಹೂಂ ಅನ್ನುವುದಿಲ್ಲವೇನ್ರಿ ಎಂದಳು. ಸಮಾಧಾನ ಮಾಡುವುದಕ್ಕೆಂದೇ ಹೇಳಿದಳು. ನನಗೆ ಕಣ್ಣು ತುಂಬಿ ಬಂತು. ಅಳು ಅವರಿಗೆ ಕಾಣಬಾರದೆಂದು ಚಹಾದ ಕಪ್ಪನ್ನು ತುಟಿಗೆ ಹಿಡಿದು ನಿಂತೆ. ನನಗೆ ಹೆದರಿ ಬಾಯಿ ಮುಚ್ಚಿದ್ದರೆ ಅದನ್ನು ತಿದ್ದಿಕೊಳ್ಳಬಹುದಿತ್ತು. ಇವರು ನನ್ನನ್ನು ಬಿದ್ದರೆ ಒಡೆಯುವ ಸಾಮಾನಿನ ಹಾಗೆ ಎತ್ತಿ ಇಟ್ಟಿದ್ದರು.

ಒಳಗೆ ಹೋದ ಮೇಲೆ ನಾನು ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ. ತಪ್ಪು ಈ ಹುಡುಗಿಯದಲ್ಲ, ಪವರ್ ಲೆಕ್ಕ ನನ್ನದು, ಅವಳು ಹೇಳಲು ಬಂದಾಗ ಕೇಳದವಳೂ ನಾನೇ, ಈಗ ಅವಳೇ ಹಲಗೆಯ ಮೇಲೆ ಅದನ್ನು ತೋರಿಸುತ್ತಾಳೆ ಎಂದೆ. ಎದೆ ಹಗುರವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮುಸಿಮುಸಿ ನಕ್ಕರು. ಪ್ರಾಚಾರ್ಯರು ಮೊಬೈಲ್ ತೆಗೆದು ನೋಡತೊಡಗಿದರು. ಖಜೂರಿಯವಳು ಹಲಗೆಯ ಮುಂದೆ ನಿಂತು ನನ್ನ ಕಡೆ ಒಮ್ಮೆಯೂ ನೋಡದೆ, ಅವಸರ ಅವಸರವಾಗಿ ಬರೆದು ಬಂದು ಕೂತಳು.

ಆಮೇಲೆ ನಾಲ್ವರೂ ಸೇರಿ ಹೊಸದಾಗಿ ಶುರುಮಾಡಿದೆವು. ನಾನು ನೆರಳಿನ ಹೊತ್ತನ್ನೂ ಬ್ಯಾಟರಿಯಲ್ಲಿ ಸೋರುವುದನ್ನೂ ಲೆಕ್ಕಕ್ಕೆ ಹಿಡಿದೆ. ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಹಾಗಾದರೆ ಎರಡೂ ಕಡೆಗೆ ಬಿಚ್ಚಿಕೊಳ್ಳುವ ರೆಕ್ಕೆಯಂಥ ಫಲಕಗಳನ್ನು ಹಾಕೋಣ ಎಂದೆ. ಕಳೆದುಕೊಂಡದ್ದನ್ನು ಒಂದೇ ಏಟಿಗೆ ಗಳಿಸಿಬಿಡುವ ಆತುರ ನನಗೆ. ತೂಕ ನೋಡಿಕೊಳ್ಳುತ್ತಿದ್ದ ಇಜೇರಿಯ ಹುಡುಗ ತಲೆ ಎತ್ತಿದ.

"ಬ್ಯಾಡ್ರಿ ಮೇಡಂ. ತೂಕ ಮೀರ್ತದ."

ಸ್ವಲ್ಪ ಮೀರಿದರೆ ನಡೆಯುತ್ತದೆ, ಬ್ಯಾಟರಿ ಸಣ್ಣದು ಮಾಡೋಣ ಎಂದೆ. ಬ್ಯಾಟರಿ ಸಣ್ಣದಾದರೆ ನೆರಳಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ. ಆ ಕ್ಷಣ ನನ್ನೊಳಗೆ ಎದ್ದದ್ದು ಖರೇ ಸಿಟ್ಟು. ಈಗಷ್ಟೇ ಎಲ್ಲರ ಮುಂದೆ ತಲೆ ತಗ್ಗಿಸಿದ್ದೇನೆ, ಇವನು ಮತ್ತೆ ನನ್ನ ಮೇಲೆ ಬರುತ್ತಾನಲ್ಲ ಎಂದು. ಚಹಾದ ಹೊತ್ತಿಗಷ್ಟೇ ನಾನು ಸಿಟ್ಟಿನವಳಲ್ಲ ಎಂದು ಹೇಳಿಕೊಂಡಿದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ, ಹುಡುಗಿಯರಿಬ್ಬರೂ ಅವನ ಕಡೆ ನೋಡಿದರು. ಅವನು ಮಾತ್ರ ಬಿಡಲಿಲ್ಲ. ಕ್ಯಾಮೆರಾ ನಮ್ಮ ಮೂರು ತಾಲೂಕಿನ ಮೇಲೆ ಬಂದಾಗಷ್ಟೇ ಏಳಲಿ, ಉಳಿದ ಹೊತ್ತು ಬ್ಯಾಟರಿ ತುಂಬಲಿ ಎಂದ. ಮೂವರೂ ಕತ್ತರಿಸಿಟ್ಟಿದ್ದ ಹಳೆಯ ಯೋಜನೆಗೇ ನಾವು ಹೆಚ್ಚುಕಡಿಮೆ ಮರಳಿದೆವು. ಒಂದೇ ವ್ಯತ್ಯಾಸ, ಈಗ ನನ್ನ ಸಾಲಿನ ಅಂಕಿಯೂ ಖರೇ ಆಗಿತ್ತು. ಇಂಜಿನಿಯರ್ ಇದು ಹಾರಬಲ್ಲದು ಎಂದರು. ಬಹುಮಾನ ಬೇರೆ ತಂಡಕ್ಕೆ ಹೋಯಿತು.

ಅಂದು ಸಂಜೆ ಪ್ರಾಚಾರ್ಯರು ನನ್ನನ್ನು ಕರೆದು ಎಲ್ಲರ ಮುಂದೆ ಅದನ್ನು ಹೇಳುವ ಜರೂರತ್ತು ಏನಿತ್ತು ಎಂದು ಕೇಳಿದರು. ಹುಡುಗಿ ತಾನೇ ಒಪ್ಪಿಕೊಂಡಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು ಎಂಬುದು ಅವರ ವಾದ.

ಆ ಮೂವರ ಜೊತೆ ಮೊದಲಿನ ಸಲಿಗೆ ಉಳಿಯಲಿಲ್ಲ. ಹುಡುಗಿಯರು ನಮಸ್ಕಾರ ಮಾಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು, ಅಷ್ಟೇ. ಮೊದಲು ಖಜೂರಿಯವಳು ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬರುತ್ತಿದ್ದಳು, ಅದೂ ನಿಂತಿತು. ಇಜೇರಿಯವನು ಮಾತ್ರ ಬೇರೆಯಾದ. ಪಾಠದ ನಡುವೆ ಎದ್ದು ಪ್ರಶ್ನೆ ಕೇಳಲು ಶುರುಮಾಡಿದ. ಅರ್ಧ ಪ್ರಶ್ನೆ ಅರ್ಥವಿಲ್ಲದ್ದು, ಅರ್ಧ ನನ್ನನ್ನು ಪೇಚಿಗೆ ಸಿಕ್ಕಿಸುವಂಥದ್ದು. ಅವನ ತರಗತಿ ಇದ್ದ ದಿನ ನಾನು ಮನೆಯಲ್ಲಿ ಎರಡು ಸಲ ಓದಿಕೊಂಡು ಹೋಗುತ್ತಿದ್ದೆ. ಹೋಗುವಾಗ ಅವನಿಗೆ ಇವತ್ತು ಜ್ವರ ಬರಲಿ ಎಂದು ಬೇಡಿಕೊಂಡದ್ದೂ ಉಂಟು.

ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಖಜೂರಿಯವಳು ವರ್ಗಾವಣೆ ಪತ್ರ ಒಯ್ಯಲು ಕಾಲೇಜಿಗೆ ಬಂದಳು. ಒಳ್ಳೆಯ ಅಂಕ ಬಂದಿತ್ತು. ಎಂ.ಎಸ್ಸಿ.ಗೆ ಹೋಗುತ್ತೇನೆ ಎಂದಳು, ನನಗೆ ಪೇಢೆ ಕೊಟ್ಟಳು. ಕೂಡು ಎಂದೆ. ಕೂಡಲಿಲ್ಲ. ಹೋಗುವವಳು ಬಾಗಿಲ ಹತ್ತಿರ ತಿರುಗಿ ನಿಂತಳು.

"ಮೇಡಂ, ಅವತ್ತು ನೀವು ಹಂಗ ಹೇಳದಿದ್ರ ಚೊಲೋ ಇತ್ತು ನೋಡ್ರಿ. ಮರುದಿನ ನಮ್ಮ ಮೂರೂ ಮಂದೀನ ಪ್ರಿನ್ಸಿಪಾಲರು ಕರಸಿದ್ರು. ಮೇಡಂ ಮರ್ಯಾದಿ ತಗದ್ರಿ ಅಂತ ಬೈದ್ರು."

ಅವರ ಅಪ್ಪಂದಿರನ್ನು ಕರೆಸುತ್ತೇನೆ ಎಂದೂ ಹೆದರಿಸಿದ್ದರಂತೆ. ಗಾಣಗಾಪುರದವಳು ಅಲ್ಲೇ ಅತ್ತಳಂತೆ. ನನಗೆ ಹೇಳಬಾರದೆಂದು ಮೂವರೂ ಮಾತಾಡಿಕೊಂಡಿದ್ದರು. ಅಂದರೆ ಅಷ್ಟು ದಿನವೂ ಅವರು ನನ್ನನ್ನು ಮತ್ತೆ ಕಾಪಾಡುತ್ತಲೇ ಇದ್ದರು. ನಾನು ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆನೆಂದು ಒಳಗೊಳಗೇ ಸ್ವಲ್ಪ ಹೆಮ್ಮೆ ಇಟ್ಟುಕೊಂಡು ತಿರುಗುತ್ತಿದ್ದೆ. ಅದರ ಬೆಲೆ ಕೊಟ್ಟವರು ಬೇರೆ.

ನಾನು ನೆಟ್ಟಗೆ ಪ್ರಾಚಾರ್ಯರ ಕೋಣೆಗೆ ಹೋದೆ. ಆ ಹುಡುಗರನ್ನು ಬೈದದ್ದು ಅನ್ಯಾಯ, ಅವರು ನನ್ನ ಮರ್ಯಾದೆ ತೆಗೆಯಲಿಲ್ಲ, ಉಳಿಸಲು ಹೋಗಿ ತಮ್ಮ ಕೆಲಸವನ್ನೇ ಕೆಡಿಸಿಕೊಂಡರು ಎಂದೆ. ಅವರಿಗೆ ಅದು ಯಾವಾಗಿನ ಮಾತು ಎಂದೇ ತಕ್ಷಣ ನೆನಪಾಗಲಿಲ್ಲ. ನೆನಪಾದ ಮೇಲೆ, ಶಿಸ್ತು ಅಂತ ಒಂದು ಇರಬೇಕಲ್ಲವೇನ್ರಿ, ನಿಮ್ಮ ಸಲುವಾಗಿಯೇ ಹೇಳಿದ್ದು ಎಂದರು. ಎಲ್ಲರೂ ನನ್ನ ಸಲುವಾಗಿಯೇ ಮಾಡಿದ್ದರು.

ನಾನು ಹೊರಬಂದಾಗ ಹುಡುಗಿ ಇರಲಿಲ್ಲ. ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಖಜೂರಿಯ ಕಡೆ ಹೋಗುವ ಬಸ್ಸಿನ ಹತ್ತಿರ, ಹೆಂಗಸರ ಗುಂಪಿನ ನಡುವೆ ಅವಳು ನಿಂತಿದ್ದಳು. ಬಳಿಗೆ ಹೋಗಿ, ನನಗೆ ಗೊತ್ತಿರಲಿಲ್ಲವ್ವ, ತಪ್ಪಾಯಿತು ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಸುತ್ತ ನೋಡಿ ಮುದುಡಿದಳು.

"ಇಲ್ಲಿ ಬ್ಯಾಡ್ರಿ ಮೇಡಂ. ಮಂದಿ ನೋಡಾಕತ್ತಾರ."

ಕೈ ಬಿಟ್ಟೆ. ಬಸ್ಸಿಗೆ ಜನ ನುಗ್ಗಿದರು. ಅವಳ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಅವಳು ಸೀಟು ಹಿಡಿದು ಕೂತು, ಹೊರಗೆ ಬಗ್ಗಿ, ಬಿಸಿಲು ಬಹಳ ಅದ, ನೀವು ಮನೆಗೆ ಹೋಗಿರಿ ಎಂದಳು. ಬಸ್ಸು ಹೊರಡುವವರೆಗೆ ನಾನು ಅಲ್ಲೇ ನಿಂತಿದ್ದೆ.